ಸುಂಕಮ್ಮನ ಪದವಿದ್ದ ಟೇಪು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ನಂಬುತ್ತಿರಲಿಲ್ಲ. ಲೇಪಾಕ್ಷಿಯಿಂದ ಹಿಂದೂಪುರಕ್ಕೆ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಟೀಚರೊಬ್ಬರು, ತೀರಿಹೋದ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸರಿಸುವ ಸದ್ದು ಕೇಳುತ್ತದೆ ಎನ್ನುತ್ತಿದ್ದರು. ಬೆಕ್ಕಿರಬೇಕು ನೋಡಿ ಅಂದು ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ನನ್ನ ಕೆಲಸ ಕಲಿಸಿದ್ದೂ ಅದನ್ನೇ. ನಾನು ಹಿಂದೂಪುರದ ಕಾಲೇಜೊಂದರ ಲೈಬ್ರರಿಯನ್. ಲೈಬ್ರರಿಯಲ್ಲಿ ಒಂದು ಪುಸ್ತಕ ಇರುತ್ತದೆ, ಇಲ್ಲವೇ ಇರುವುದಿಲ್ಲ. ಇದ್ದೂ ಇಲ್ಲದ್ದು ಎಂಬ ಇನ್ನೊಂದು ಬಗೆಯನ್ನು ನಾನು ಒಪ್ಪಿದವಳಲ್ಲ. ಈಗಲೂ ಒಪ್ಪುವುದಕ್ಕೆ ಮನಸ್ಸಿಲ್ಲ. ಆದರೆ ನನ್ನ ಎರಡು ಕಿವಿಗಳಿಂದ ಕೇಳಿದ್ದನ್ನು ಕೇಳಲಿಲ್ಲ ಎಂದು ಹೇಳಿಕೊಳ್ಳುವುದಕ್ಕೂ ಆಗುತ್ತಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಲೈಬ್ರರಿಯಲ್ಲಿ ಓದುವ ಹಾಲಿನ ಹಿಂದೆ ಒಂದು ಕೋಣೆಯಿತ್ತು. ಅದರಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳು, ಬಟ್ಟೆ ಸುತ್ತಿಟ್ಟ ತಾಳೆಗರಿಗಳು, ಒಂದು ಕಪಾಟಿನ ತುಂಬ ದೊಡ್ಡ ದೊಡ್ಡ ಸ್ಪೂಲ್ ಟೇಪುಗಳು ಇದ್ದವು. ಕ್ಯಾಸೆಟ್ಟು ಬರುವುದಕ್ಕೆ ಮುಂಚೆ ಬಳಸುತ್ತಿದ್ದರಲ್ಲ, ಗಾಲಿಯ ಹಾಗೆ ಸುತ್ತುವ ಟೇಪು, ಅವು. ಎಪ್ಪತ್ತರ ದಶಕದ ಶುರುವಿನಲ್ಲಿ ನಮ್ಮ ಕಾಲೇಜಿನ ಚರಿತ್ರೆಯ ಲೆಕ್ಚರರ್ ಒಬ್ಬರು ಭಾರದ ಟೇಪ್ ರೆಕಾರ್ಡರೊಂದನ್ನು ಬಸ್ಸಿನ ಮೇಲೆ ಹೇರಿಕೊಂಡು ಸೆಟ್ಟೂರು, ಕಲ್ಯಾಣದುರ್ಗದ ಕಡೆಯೆಲ್ಲ ತಿರುಗಿ ಕನ್ನಡದ ಪದಗಳನ್ನು, ಅಂದರೆ ಜನ ಹಾಡುವ ಹಾಡುಗಳನ್ನು, ತುಂಬಿಸಿಕೊಂಡು ಬಂದಿದ್ದರಂತೆ. ಆಮೇಲೆ ಅವರಿಗೆ ವರ್ಗವಾಯಿತು, ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ತೆಲುಗಿನಲ್ಲಿ ನಡೆಯುವ ಕಾಲೇಜಿನಲ್ಲಿ ಕನ್ನಡದ ಕುರಿ ಕಾಯುವವರ ಪದ, ಮಗ್ಗದವರ ಪದ ಯಾರಿಗೆ ಬೇಕು? ಕೋಣೆಗೆ ಬೀಗ ಬಿತ್ತು.

ಆ ಬೀಗದ ಕೈ ಲೈಬ್ರರಿಯನ್ ಆದ ನನ್ನ ಹತ್ತಿರ ಇರಲಿಲ್ಲ, ಪ್ರಿನ್ಸಿಪಾಲರ ಆಫೀಸಿನಲ್ಲಿತ್ತು. ಟೇಪುಗಳನ್ನು ಮಿಷನ್ನಿನ ಜೊತೆಗೆ ಕೊಂಡದ್ದರಿಂದ ಕಾಗದದ ಪ್ರಕಾರ ಅವು ಫಿಸಿಕ್ಸ್ ವಿಭಾಗದ ಸಾಮಾನು. ಕೋಣೆ ಲೈಬ್ರರಿಯದು, ಸಾಮಾನು ಫಿಸಿಕ್ಸಿನದು, ಕೀಲಿ ಆಫೀಸಿನದು. ಇವನ್ನೆಲ್ಲ ಒಂದು ಪಟ್ಟಿ ಮಾಡಿ, ಬೇಕಾದವರಿಗೆ ಸಿಗುವ ಹಾಗೆ ಮಾಡೋಣ ಎಂದು ನಾನು ಬರೆದುಕೊಟ್ಟ ಅರ್ಜಿಗಳು ಮೂರು ಕಡೆಯೂ ಸುತ್ತಾಡಿ ನನ್ನ ಮೇಜಿಗೇ ವಾಪಸು ಬರುತ್ತಿದ್ದವು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಇದನ್ನು ಇಲ್ಲಿಯತನಕ ಯಾರಾದರೂ ಕೇಳಿದ್ದಾರೇನಮ್ಮ ಎಂದರು. ಇದೆ ಅಂತ ಗೊತ್ತಿಲ್ಲದ್ದನ್ನು ಯಾರು ಕೇಳುತ್ತಾರೆ ಸಾರ್ ಎಂದೆ. ಅವರು ನಕ್ಕು ಕಾಫಿ ಕುಡಿದು ಹೋದರು. ಅವತ್ತು ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಕೊನೆಗೆ, ಸುಣ್ಣ ಬಳಿಸಲು ಕೋಣೆ ತೆರೆದಿದ್ದಾಗ ನಾನೇ ಒಳಗೆ ಕೂತು, ಆ ಲೆಕ್ಚರರು ಡಬ್ಬಿಗಳ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಊರು, ಹಾಡಿದವರ ಹೆಸರು, ಪದದ ಬಗೆ ಎಲ್ಲವನ್ನೂ ಕಾರ್ಡುಗಳಿಗೆ ಇಳಿಸಿದೆ. ಒಂದು ಬದಿ ಕನ್ನಡ, ಒಂದು ಬದಿ ತೆಲುಗು. ಆ ಕಾರ್ಡುಗಳ ಡ್ರಾಯರನ್ನು ಓದುವ ಹಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ. ಟೇಪನ್ನಂತೂ ಕೊಡಲಾಗದು, ಹೆಸರಾದರೂ ಹೊರಗೆ ಬರಲಿ ಎಂದು.

ಚೌಡಮ್ಮ ನಮ್ಮಲ್ಲಿಗೆ ಬಂದದ್ದು ಆ ಡ್ರಾಯರಿನಿಂದ. ಅವರ ಮಗಳು ನಮ್ಮಲ್ಲೇ ಬಿ.ಎ. ಓದುತ್ತಿದ್ದಳು. ಕಾರ್ಡುಗಳನ್ನು ಸುಮ್ಮನೆ ಸರಿಸುತ್ತಿದ್ದವಳು ಮನೆಗೆ ಹೋಗಿ, ಅಜ್ಜಿಯ ಹೆಸರು ಕಾಲೇಜಿನಲ್ಲಿದೆ ಎಂದು ಹೇಳಿದ್ದಾಳೆ. ಆ ಕಾರ್ಡಿನಲ್ಲಿ ಬರೆದಿದ್ದು ಇಷ್ಟೆ: ಕಲ್ಯಾಣದುರ್ಗ, ಸುಂಕಮ್ಮ, ಮಗ್ಗದ ಪದ.

ಚೌಡಮ್ಮನಿಗೆ ಆಗ ಮೂವತ್ತೈದರ ಮೇಲೆ ವಯಸ್ಸು. ಕಲ್ಯಾಣದುರ್ಗದ ನೇಕಾರರ ಮನೆಯ ಹೆಣ್ಣು, ಮದುವೆಯಾಗಿ ಹಿಂದೂಪುರಕ್ಕೆ ಬಂದವರು. ಕೈಮಗ್ಗ ಬಿಟ್ಟು ವರ್ಷಗಳಾಗಿದ್ದವು, ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಮೇಜಿನ ಎದುರು ನಿಂತು, ಶೆಡ್ಡಿನಲ್ಲಿ ಕೂಗಿ ಕೂಗಿ ಅಭ್ಯಾಸವಾದ ದೊಡ್ಡ ದನಿಯಲ್ಲಿ, "ನಮ್ಮವ್ವನ ಪದ ನಿಮ್ಮತ್ರ ಐತಂತಲ್ಲ ಮೇಡಂ. ಒಂದ್ಸಾರಿ ಕೇಳುಸ್ತೀರಾ?" ಎಂದರು. ಓದುತ್ತಿದ್ದ ಹುಡುಗರೆಲ್ಲ ತಲೆಯೆತ್ತಿ ನೋಡಿದರು.

ಕೂರಿಸಿ ಮಾತಾಡಿಸಿದೆ. ಆ ಮೇಷ್ಟ್ರು ದೊಡ್ಡ ಮಿಷನ್ನು ಹೊತ್ತುಕೊಂಡು ಕಲ್ಯಾಣದುರ್ಗದ ಅವರ ಮನೆಗೆ ಬಂದಾಗ ಚೌಡಮ್ಮ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ತಾಯಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಾ ಹಾಡುವುದು, ಮಗಳು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಪಲ್ಲವಿ ಹೇಳುವುದು, ಹಾಗೆ ಆ ಪದ. ಅದಾದ ಸ್ವಲ್ಪ ಕಾಲಕ್ಕೇ ಸುಂಕಮ್ಮ ಜ್ವರ ಬಂದು ಸತ್ತರು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಮುಖ ಮರೆತುಹೋಗುತ್ತಿದೆ, ದನಿಯಾದರೂ ಕೇಳಬೇಕು ಎಂದರು. ಇನ್ನೊಂದು ಕಾರಣವೂ ಇತ್ತು. ಶೆಡ್ಡಿನ ಸದ್ದಿಗೆ ಅವರ ಕಿವಿ ಹೋಗುತ್ತಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದ್ದಕ್ಕೆ, ಹೋಗಿದ್ದು ವಾಪಸು ಬರುವುದಿಲ್ಲ, ಇರುವುದೂ ಉಳಿಯುವುದು ಕಷ್ಟ ಅಂದಿದ್ದರಂತೆ.

"ಕಿವಿ ಪೂರ್ತಿ ವೋಗೋದ್ರೊಳ್ಗೆ ಕೇಳ್ಬುಡ್ಬೇಕು ಕಣಮ್ಮ," ಎಂದರು. ಮೇಡಂ ಅನ್ನುವುದನ್ನೂ ಮರೆತು.

ನಾನು ಆ ದಿನವೇ ಪ್ರಿನ್ಸಿಪಾಲರ ಬಳಿ ಹೋದೆ. ಅವರು ಕೆಟ್ಟವರಲ್ಲ, ಆಡಿಟ್ ಎಂದರೆ ಹೆದರುವವರು, ಅಷ್ಟೆ. ಆಕೆ ವಿದ್ಯಾರ್ಥಿಯಲ್ಲ, ಸಿಬ್ಬಂದಿಯಲ್ಲ, ಯಾವ ನಿಯಮದ ಕೆಳಗೆ ಕೇಳಿಸುತ್ತೀರಿ ಎಂದರು. ಹಾಡಿದವರ ಮಗಳು ಸಾರ್ ಎಂದೆ. ಅದಕ್ಕೊಂದು ನಿಯಮ ಇದೆಯಾ ಎಂದು ಕೇಳಿದರು. ಮೇಲಿನವರಿಗೆ ಬರೆದೆವು. ಮೇಲಿನವರು ಟೇಪುಗಳ ಬೆಲೆ ಎಷ್ಟು ಎಂದು ಕೇಳಿ ವಾಪಸು ಬರೆದರು. ಅಷ್ಟರಲ್ಲಿ ಮಿಷನ್ನಿನ ಒಳಗಿನ ರಬ್ಬರ್ ಬೆಲ್ಟು ಹಪ್ಪಳದಂತೆ ಪುಡಿಯಾಗಿರುವುದು ಗೊತ್ತಾಯಿತು. ಫಿಸಿಕ್ಸಿನ ರಾಮಾಂಜನೇಯುಲು ಸಾರ್ ಬೇರೆ ಬೆಲ್ಟು ಹೊಂದಿಸುತ್ತೇನೆ ಎಂದು ಒಪ್ಪಿಕೊಂಡರು, ಆದರೆ ಪರೀಕ್ಷೆಗಳು ಬಂದವು. ಆಮೇಲೆ ಕರೆಂಟಿನ ಕಡಿತ ಶುರುವಾಯಿತು.

ಚೌಡಮ್ಮ ಶೆಡ್ಡಿಗೆ ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದರು. ಹಾಲಿನ ಬೆಂಚಿನ ಮೇಲೆ ಬುತ್ತಿ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದರು. ನಾನು ಮುಂದಿನ ವಾರ ನೋಡೋಣ ಅನ್ನುತ್ತಿದ್ದೆ. "ಆಯ್ತು, ಬತ್ತೀನಿ," ಎಂದು ಎದ್ದು ಹೋಗುತ್ತಿದ್ದರು. ಪ್ರತಿ ಸಲ ಬಂದಾಗಲೂ ಅದೇ ಮಾತನ್ನು ನಾನು ಸ್ವಲ್ಪ ಹೆಚ್ಚು ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು. ಆ ಒಂದು ಟೇಪಿಗೂ ಆ ಬೆಂಚಿಗೂ ನಡುವೆ ಇದ್ದದ್ದು ಒಂದೇ ಒಂದು ಗೋಡೆ. ಅದನ್ನು ದಾಟಿಸಲಾಗದ ನಾನು ಎಂಥ ಲೈಬ್ರರಿಯನ್ ಎಂದು ಬಸ್ಸಿನಲ್ಲಿ ಕೂತು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಕೊನೆಗೂ ಬೇಸಿಗೆ ರಜೆಯಲ್ಲಿ ಅನುಮತಿ ಬಂತು. ಇಬ್ಬರು ಸಿಬ್ಬಂದಿಯ ಎದುರಿನಲ್ಲಿ ಒಂದು ಸಲ ಕೇಳಿಸಬಹುದು, ಟೇಪು ಕಟ್ಟಡದಿಂದ ಹೊರಗೆ ಹೋಗಕೂಡದು ಎಂದು. ಅಷ್ಟಾದರೂ ಆಯಿತಲ್ಲ.

ಮಧ್ಯಾಹ್ನದ ಹೊತ್ತು. ಹಾಲಿನಲ್ಲಿ ನಾವು ಮೂವರೇ: ರಾಮಾಂಜನೇಯುಲು ಸಾರ್, ಚೌಡಮ್ಮ, ನಾನು. ಮಗಳು ಪರೀಕ್ಷೆ ಮುಗಿಸಿ ಕಲ್ಯಾಣದುರ್ಗದ ಸೋದರಮಾವನ ಮನೆಗೆ ಹೋಗಿದ್ದಳು. ಅವಳೂ ಕೇಳುವ ಹಾಗೆ ಒಂದು ಕ್ಯಾಸೆಟ್ಟು ಮಾಡಿಕೊಡೋಣ ಎಂದು ನಾನು ಮನೆಯಿಂದ ಬ್ಯಾಟರಿಯ ಪುಟ್ಟ ಟೇಪ್ ರೆಕಾರ್ಡರು ತಂದಿದ್ದೆ. ಹಳೆಯ ಮಿಷನ್ನಿಗೆ ಅದನ್ನು ಜೋಡಿಸುವ ತಂತಿ ಇರಲಿಲ್ಲ. ದೊಡ್ಡ ಮಿಷನ್ನಿನ ಸ್ಪೀಕರಿನ ಎದುರು ಒಂದು ಗೇಣು ದೂರದಲ್ಲಿ ಅದನ್ನು ಇಟ್ಟೆ.

ಸಾರ್ ಮೊದಲು ಸೆಟ್ಟೂರಿನ ಕುರಿಗಾಹಿಯೊಬ್ಬರ ಟೇಪು ಹಾಕಿ ನೋಡಿದರು. ಸ್ವಲ್ಪ ನಿಧಾನ ಎನ್ನಿಸಿದರೂ ಚೆನ್ನಾಗಿಯೇ ಕೇಳಿಸಿತು. ಆಮೇಲೆ ಸುಂಕಮ್ಮನ ಡಬ್ಬಿ ತೆಗೆದರು. ನಾನು ನನ್ನ ರೆಕಾರ್ಡರಿನ ಎರಡು ಗುಂಡಿಗಳನ್ನೂ ಒತ್ತಿದೆ, ಕೆಂಪು ದೀಪ ಹತ್ತಿದ್ದನ್ನು ನೋಡಿದೆ. ಸಾರ್ ಗಾಲಿ ತಿರುಗಿಸಿದರು.

ಮೊದಲು ಕೇಳಿದ್ದು ಮಗ್ಗದ ಸದ್ದು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದು, ಹಲಗೆ ಬಡಿಯುವುದು. ಅದರ ಲಯಕ್ಕೆ ಒಬ್ಬ ಹೆಂಗಸಿನ ದನಿ ಸೇರಿತು. ಇಂಪಾದ ದನಿಯೇನಲ್ಲ, ಸ್ವಲ್ಪ ಗೊಗ್ಗರು. ತವರಿಗೆ ಹೋಗುವ ಹೆಣ್ಣೊಬ್ಬಳು ದಾರಿಯಲ್ಲಿ ಯಾರು ಯಾರನ್ನು ನೋಡಿದಳು ಎಂಬ ಪದ. ಚೌಡಮ್ಮ ಅವ್ವ ಎಂದು ಒಮ್ಮೆ ಮೆಲ್ಲಗೆ ಅಂದರು. ಅಳಲಿಲ್ಲ. ಸಾಲು ಮುಗಿದ ಕೂಡಲೇ ತಡವರಿಸದೆ ಪಲ್ಲವಿ ಎತ್ತಿಕೊಂಡರು: "ಓಡೋ ಲಾಳಿ, ಊರು ದೂರೈತೆ."

ಆ ಹೊತ್ತಿಗೆ ಅವರಿಗೆ ಏನಾದರೂ ಹೇಳಬೇಕಾದರೆ ನಾನು ಪಕ್ಕದಲ್ಲಿ ನಿಂತು ಕೂಗಬೇಕಾಗಿತ್ತು. ಆ ಹಳೆಯ ಸ್ಪೀಕರಿನ ದನಿ ಅವರಿಗೆ ಕೇಳುತ್ತದೋ ಇಲ್ಲವೋ ಎಂದು ಭಯಪಟ್ಟಿದ್ದೆ. ಆದರೆ ಒಂದು ಕಡೆಯೂ ಅವರು ಮುಂಚೆ ಹೋಗಲಿಲ್ಲ, ಹಿಂದೆ ಬೀಳಲಿಲ್ಲ. ನಡುವೆ ಒಂದು ಕಡೆ ಆ ದನಿ ಹಾಡು ನಿಲ್ಲಿಸಿ, "ಚೌಡೀ, ಜೋರಾಗನ್ನೆ," ಎಂದಿತು. ಇಪ್ಪತ್ತು ವರ್ಷಗಳ ಹಿಂದೆ ಪಕ್ಕದಲ್ಲಿದ್ದ ಮಗಳಿಗೆ ಹೇಳಿದ್ದು, ಅದರಲ್ಲೇನೂ ಆಶ್ಚರ್ಯವಿಲ್ಲ. ಚೌಡಮ್ಮ ನಕ್ಕು, ದನಿಯೇರಿಸಿ ಹಾಡಿದರು.

ಟೇಪು ಮುಗಿಯಿತು. ತುದಿ ಪಟಪಟ ಬಡಿದುಕೊಂಡಿತು. ರಾಮಾಂಜನೇಯುಲು ಸಾರಿಗೆ ಕನ್ನಡ ಅಷ್ಟಾಗಿ ಬಾರದು, ಆದರೂ ಅವರ ಕಣ್ಣು ತೇವವಾಗಿತ್ತು. "ಚಾಲಾ ಬಾಗುಂದಿ," ಎಂದರು, ತುಂಬ ಚೆನ್ನಾಗಿದೆ ಎಂದು. ಚೌಡಮ್ಮ ಎದ್ದು ಆ ಮಿಷನ್ನಿಗೆ ಕೈಮುಗಿದರು.

ಕ್ಯಾಸೆಟ್ಟಿಗೆ ಬಂತೋ ಇಲ್ಲವೋ ನೋಡೋಣ ಎಂದು ನಾನು ಹಿಂದಕ್ಕೆ ಸುತ್ತಿ ಹಚ್ಚಿದೆ. ಫ್ಯಾನಿನ ಸದ್ದು ಬಂತು. ಕುರ್ಚಿ ಎಳೆದ ಸದ್ದು. ಹೊರಗೆ ಬಸ್ಸಿನ ಹಾರನ್ನು. ಆಮೇಲೆ ಚೌಡಮ್ಮನ ದನಿ: ಓಡೋ ಲಾಳಿ, ಊರು ದೂರೈತೆ. ಮತ್ತೆ ಬರೀ ಫ್ಯಾನು. ಒಂದು ಸಾಲು ಹಾಡುವಷ್ಟು ಹೊತ್ತು ಫ್ಯಾನು. ಮತ್ತೆ ಚೌಡಮ್ಮ. ಮಗ್ಗವಿಲ್ಲ, ಸುಂಕಮ್ಮನಿಲ್ಲ. ಒಂದು ಕಡೆ ಕೊಂಚ ಹೆಚ್ಚು ಹೊತ್ತು ಖಾಲಿ, ಚೌಡಮ್ಮನ ಸಣ್ಣ ನಗು, ಆಮೇಲೆ ಅವರ ದನಿ ಜೋರು. ಒಂದು ಗೇಣು ದೂರದಲ್ಲಿದ್ದ ಸ್ಪೀಕರನ್ನು ಬಿಟ್ಟು, ಹತ್ತು ಮಾರು ಆಚೆಯ ಬಸ್ಸಿನ ಹಾರನ್ನನ್ನು ಆ ರೆಕಾರ್ಡರು ಹಿಡಿದಿತ್ತು.

ಸಾರ್ ದೊಡ್ಡ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದರು. ಏನೂ ಬರಲಿಲ್ಲ. ಸಣ್ಣ ಉಸ್ಸೆನ್ನುವ ಸದ್ದು, ಅಷ್ಟೆ. ಟೇಪು ತಾಗಿ ಹೋಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ತಿರುಗಿಸಿ ಹಾಕಿದರು. ಸೆಟ್ಟೂರಿನ ಟೇಪು ಹಾಕಿದರೆ ಕುರಿಗಾಹಿ ಸರಾಗವಾಗಿ ಹಾಡಿದ. ಮತ್ತೆ ಸುಂಕಮ್ಮನದು ಹಾಕಿದರೆ ಉಸ್ಸೆನ್ನುವುದೊಂದೇ. ಹಾಗೆ ಎಷ್ಟು ಸಲ ಮಾಡಿದೆವೋ, ಕೊನೆಗೆ ಕರೆಂಟು ಹೋಯಿತು.

ನಾವು ಇಷ್ಟೆಲ್ಲ ಒದ್ದಾಡುತ್ತಿದ್ದುದು ಚೌಡಮ್ಮನಿಗೆ ಅರ್ಥವಾಗಲಿಲ್ಲ. ಕ್ಯಾಸೆಟ್ಟು ಸರಿಯಾಗಿ ಬಂದಿಲ್ಲ, ಆ ಟೇಪೂ ಈಗ ಕೇಳುತ್ತಿಲ್ಲ ಎಂದು ಕಿವಿಯ ಹತ್ತಿರ ಹೇಳಿದೆ. ಅವರು ಏನೂ ಬೇಸರಪಟ್ಟುಕೊಳ್ಳಲಿಲ್ಲ. ಮಿಷನ್ನು ಹಳೇದು ಪಾಪ, ಒಳ್ಳೆ ಮಿಷನ್ನು ಬಂದಾಗ ಮಾಡಿಕೊಡಿ, ಮಗಳೂ ಕೇಳಲಿ ಎಂದು ಬುತ್ತಿಯನ್ನು ಎತ್ತಿಕೊಂಡು ಹೋದರು.

ಮುಂದಿನ ದಿನಗಳಲ್ಲಿ ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಡಬ್ಬಿ ಅದಲುಬದಲಾಗಿರಬಹುದೆಂದು, ಕೀಲಿ ವಾಪಸು ಕೊಡುವ ಮುಂಚೆ, ಕಪಾಟಿನ ಎಲ್ಲ ಟೇಪುಗಳನ್ನೂ ಹಾಕಿಸಿ ಕೇಳಿದೆ. ಬೇರೆಯವರ ಪದಗಳು ಅವರವರ ಡಬ್ಬಿಯಲ್ಲೇ ಇದ್ದವು, ಸುಂಕಮ್ಮ ಎಲ್ಲೂ ಇರಲಿಲ್ಲ. ಕೇಳುವಾಗಲೇ ತಪ್ಪಿ ಅಳಿಸುವ ಗುಂಡಿ ಒತ್ತಿದೆವೇನೋ ಎಂದು ಸಾರನ್ನು ಕೇಳಿದೆ. ಅಳಿಸುತ್ತಿದ್ದರೆ ನಮಗೆ ಕೇಳುತ್ತಲೇ ಇರಲಿಲ್ಲ ಎಂದರು. ಅದೂ ಅಲ್ಲದೆ, ಟೇಪು ಅಳಿಸಿದರೆ ಅಳಿಸಲಿ, ಕ್ಯಾಸೆಟ್ಟಿಗೆ ಯಾಕೆ ಬರಲಿಲ್ಲ? ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಅವತ್ತು ಟೇಪಿನಲ್ಲಿ ಪಲ್ಲವಿ ಹೇಳುವ ಹುಡುಗಿಯ ದನಿ ಇರಬೇಕಾಗಿತ್ತು. ತಾಯಿಯ ದನಿ, ಮಗ್ಗ, ನಮ್ಮ ಎದುರು ಕೂತಿದ್ದ ಚೌಡಮ್ಮ, ಇಷ್ಟು ಬಿಟ್ಟು ಹುಡುಗಿಯ ದನಿ ಕೇಳಿದ್ದು ನನಗೆ ನೆನಪಿಲ್ಲ. ಸಾರನ್ನು ಕೇಳಿದೆ. ಅವರು ತಮಗೂ ನೆನಪಿಲ್ಲ ಎಂದರು.

ಅಲ್ಲಿಂದಾಚೆಗೆ ನಾನು ಆ ಮಾತು ಎತ್ತಿದರೆ ಸಾರ್ ಎದ್ದು ಹೋಗತೊಡಗಿದರು. ನಾವು ಮೂವರೂ ಕೇಳಿದ್ದು ನಿಜ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಡಬ್ಬಿಯಲ್ಲಿ ಇಡೋಣ ಸಾರ್ ಎಂದೆ. ಫಿಸಿಕ್ಸ್ ಪಾಠ ಮಾಡುವವನು ಇಂಥದ್ದಕ್ಕೆ ಸಹಿ ಮಾಡಲಾರೆ ಎಂದರು. ಮೊದಮೊದಲು ಕೇಳಿದೆವು ಅನ್ನುತ್ತಿದ್ದವರು ಆಮೇಲೆ ಕೇಳಿದ ಹಾಗಿತ್ತು ಎನ್ನತೊಡಗಿದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ವದಿಲೇಯಂಡಿ ಮೇಡಂ," ಎಂದು ಕೈಯಾಡಿಸಿಬಿಟ್ಟರು. ಬಿಟ್ಟುಬಿಡಿ ಅಂತೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆ ಎನ್ನುವುದು ಆಗಲೇ ಇಲ್ಲ. ಆದದ್ದು ಕೋಪ. ಸಿಗದೆ ಇದ್ದದ್ದನ್ನು ಸಿಗುವ ಹಾಗೆ ಮಾಡಲು ತಿಂಗಳುಗಟ್ಟಲೆ ಹೆಣಗಿದ್ದೆ. ಸಿಕ್ಕಿತು, ಮೂವರ ಕಣ್ಣೆದುರಿಗೇ ಜಾರಿಹೋಯಿತು, ಸಿಕ್ಕಿತ್ತು ಎಂದು ಹೇಳುವುದಕ್ಕೂ ಒಬ್ಬ ಸಾಕ್ಷಿ ಕಡಿಮೆಯಾದ.

ಚೌಡಮ್ಮ ಆಮೇಲೂ ಕೆಲವು ಸಲ ಬಂದು ಒಳ್ಳೆ ಮಿಷನ್ನು ಬಂತಾ ಎಂದು ವಿಚಾರಿಸಿಕೊಂಡು ಹೋದರು. ಕಿವಿ ಇನ್ನೂ ಮಂದವಾಗಿ ಶೆಡ್ಡಿನ ಕೆಲಸ ಬಿಡಬೇಕಾಯಿತು. ಗಂಡ ತೀರಿಹೋಗಿದ್ದರು, ಮಗಳಿಗೆ ಮದುವೆಯಾಗಿತ್ತು. ಅಣ್ಣನ ಮನೆಗೆ, ಕಲ್ಯಾಣದುರ್ಗಕ್ಕೆ ಹೋದರು.

ಆ ದಶಕದ ಕೊನೆಯಲ್ಲಿ ಒಳ್ಳೆಯ ಮಿಷನ್ನು ಬಂತು. ವಿಶ್ವವಿದ್ಯಾಲಯವೊಂದು ಹಳೆಯ ಸಂಗ್ರಹಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಿಡಿಯಿತು. ನಾನು ವರ್ಷಗಟ್ಟಲೆ ಬೇಡಿಕೊಂಡದ್ದು ಅದನ್ನೇ. ಕೋಣೆಯ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ತಾಳೆಗರಿಗಳ ಫೋಟೋ ತೆಗೆದರು, ಟೇಪುಗಳನ್ನು ಒಂದೊಂದಾಗಿ ಓಡಿಸಿ ಸಿಡಿಗೆ ಹಾಕಿದರು. ಇನ್ನು ಮುಂದೆ ಯಾರು ಬೇಕಾದರೂ ಹೆಸರು ಒತ್ತಿ ಹುಡುಕಿ ಕೇಳಬಹುದು ಎಂದರು. ಸುಂಕಮ್ಮನ ಟೇಪನ್ನು ನಾನೇ ಅವರ ಇಂಜಿನಿಯರ ಕೈಗೆ ಕೊಟ್ಟೆ. ಸ್ವಲ್ಪ ಜೋಪಾನವಾಗಿ ನೋಡಪ್ಪ ಎಂದೆ.

ಬೇರೆ ಟೇಪು ಓಡುವಾಗ ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು. ಇದಕ್ಕೆ ಎಳೆದು ಕಟ್ಟಿದ ನೂಲಿನಂತೆ ನೆಟ್ಟಗೆ ನಿಂತಿತ್ತು. ಅಳಿಸಿಹೋಗಿದೆಯಾ ಎಂದು ಕೇಳಿದೆ. ಆ ಇಂಜಿನಿಯರು ದನಿ ಹೆಚ್ಚಿಸಿ, ಕಡಿಮೆ ಮಾಡಿ ಏನೇನೋ ನೋಡಿದರು. ಅಳಿಸಿದ್ದರೆ ಏನಾದರೂ ಕುರುಹು ಉಳಿದಿರುತ್ತದೆ ಮೇಡಂ, ಇದರಲ್ಲಿ ಯಾವತ್ತೂ ಏನೂ ರೆಕಾರ್ಡ್ ಮಾಡಿದ ಹಾಗೇ ಕಾಣುವುದಿಲ್ಲ ಎಂದರು. ನಾನು ಕೇಳಿದ್ದೇನೆ ಎಂದೆ. ಅವರು ಜೊತೆಯವರ ಮುಖ ನೋಡಿದರು.

ಖಾಲಿ ಟೇಪನ್ನು ಪಟ್ಟಿಗೆ ಸೇರಿಸುವುದಿಲ್ಲ ಎಂದರು. ಹೆಸರನ್ನಾದರೂ ಹಾಕಿ ಎಂದು ಕೇಳಿಕೊಂಡೆ. ದನಿ ಇಲ್ಲದೆ ಹೆಸರು ಒಂದೇ ಹಾಕಲು ಕಂಪ್ಯೂಟರಿನಲ್ಲಿ ಜಾಗ ಇಲ್ಲವಂತೆ. ವಾದಿಸಿದೆ, ಜಗಳವಾಡಿದೆ, ಅವರ ಮೇಲಿನವರಿಗೂ ಬರೆದೆ. ಆಗಲಿಲ್ಲ. ಹೊಸ ಪಟ್ಟಿ ಬಂದ ಮೇಲೆ ಹಳೆಯ ಕಾರ್ಡುಗಳ ಡ್ರಾಯರು ಯಾಕೆ ಎಂದು ಅದನ್ನೂ ಒಳಗೆ ಹಾಕಿಸಿದರು. ಸೆಟ್ಟೂರಿನ ಕುರಿಗಾಹಿಯನ್ನು ಈಗ ಯಾರು ಬೇಕಾದರೂ ಹುಡುಕಬಹುದು. ಸುಂಕಮ್ಮ ಎಂಬ ಒಬ್ಬಾಕೆ ಕಲ್ಯಾಣದುರ್ಗದಲ್ಲಿ ಹಾಡುತ್ತಿದ್ದರು ಎನ್ನುವುದು, ಬಾಗಿಲುಗಳೆಲ್ಲ ತೆರೆದ ಮೇಲೆಯೇ ಪೂರ್ತಿ ಇಲ್ಲವಾಯಿತು.

ಚೌಡಮ್ಮನಿಗೆ ಮುಖತಃ ಹೇಳಬೇಕೆಂದು ನಾನು ಕ್ಯಾಸೆಟ್ಟು ತೆಗೆದುಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಅವರ ಅಣ್ಣನ ಮನೆಯಲ್ಲಿ ಇನ್ನೂ ಒಂದು ಕೈಮಗ್ಗವಿತ್ತು. ಅತ್ತಿಗೆ ಕಾಫಿ ಕೊಟ್ಟು, ಅವರಿಗೆ ಕಿವಿ ಕೇಳುವುದೇ ಇಲ್ಲ ಅನ್ನಬಹುದು, ಎದುರಿಗೆ ಕೂತು ನಿಧಾನವಾಗಿ ಮಾತಾಡಿ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಎಂದರು. ನಾನು ಹಾಗೆಯೇ ಎಲ್ಲವನ್ನೂ ಹೇಳಿದೆ. ಕಂಪ್ಯೂಟರಿನವರು ಬಂದದ್ದು, ಟೇಪಿನಲ್ಲಿ ಏನೂ ಸಿಗದೇ ಹೋದದ್ದು, ಉಳಿದಿರುವುದು ಈ ಕ್ಯಾಸೆಟ್ಟು ಮಾತ್ರ ಎಂದು.

ಚೌಡಮ್ಮ ಮನೆಯ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿ, ದನಿ ಪೂರ್ತಿ ಏರಿಸಿ, ಅದನ್ನು ಮಡಿಲಿಗಿಟ್ಟುಕೊಂಡು ಕಿವಿಯನ್ನು ಸ್ಪೀಕರಿಗೇ ಒತ್ತಿದರು. ಕೊನೆಯತನಕ ಕೇಳಿದರು. ಹಿಂದಕ್ಕೆ ಸುತ್ತಿ ಇನ್ನೊಂದು ಸಲ ಕೇಳಿದರು. ತಮ್ಮದೇ ದನಿ ಜೋರಾಗುವ ಜಾಗ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಮಿಷನ್ನು ನಿಲ್ಲಿಸಿದರು.

"ನಾನಿದೀನಿ," ಎಂದರು. "ನಮ್ಮವ್ವನ್ನ ಯಾಕೆ ತೆಗ್ದ್ಬುಟ್ರಿ ಮೇಡಂ?"

ತೆಗೆಯಲಿಲ್ಲ, ಅದರೊಳಗೆ ಬರಲೇ ಇಲ್ಲ ಎಂದೆ.

"ಮೂರು ಜನ ಕೇಳಿದ್ವಲ್ಲ."

ಹೌದು, ಕೇಳಿದೆವು ಎಂದೆ.

"ಮತ್ತೆ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಓದಿದವಳು, ಇಷ್ಟು ದೂರ ಬಂದಿದ್ದಾಳೆ, ಹೇಳುತ್ತಾಳೆ ಎಂದು ಅವರು ನನ್ನ ತುಟಿಗಳನ್ನೇ ನೋಡುತ್ತಾ ಕಾದು ಕೂತರು. ಅತ್ತಿಗೆ ಲೋಟ ತೆಗೆದುಕೊಂಡು ಹೋಗುವತನಕವೂ ಕಾದರು.